ತಲೆಯಾಡಿಸಿದವರು

ಎರಡೇ ಕೋಣೆಯ ಶಾಲೆ ನಮ್ಮದು. ಒಂದರಲ್ಲಿ ನಾನು ಲೆಕ್ಕ ಹೇಳಿಕೊಡುತ್ತೇನೆ, ಇನ್ನೊಂದರಲ್ಲಿ ಹೊಸದಾಗಿ ಬಂದ ಇಂಗ್ಲಿಷ್ ಟೀಚರ್. ವಾರಕ್ಕೊಂದು ಬಸ್ಸು ಬರುವ ಊರಿಗೆ ಇಂಗ್ಲಿಷೂ ಬಂತೆಂದು ಜನ ಹಿಗ್ಗಿದ್ದೇ ಹಿಗ್ಗಿದ್ದು. ಆಕೆ ಪಾಠ ಓದುವುದು, “ಅರ್ಥ ಆಯ್ತಾ?” ಎನ್ನುವುದು, ಮಕ್ಕಳು “ಯೆಸ್ ಟೀಚರ್!” ಎಂದು ಕಿರುಚುವುದು. ಗೋಡೆಯಾಚೆ ಕೂತ ನನಗೆ ಕಿವಿಗಡಚಿಕ್ಕುತ್ತಿತ್ತು.

ಮೊನ್ನೆ ಆಸ್ಪತ್ರೆಯ ವ್ಯಾನು ಬಂತು. ಡಾಕ್ಟರು ಪರದೇಶದವರು, ನಮ್ಮ ಮಾತು ಬಾರದು. ಅವರ ಇಂಗ್ಲಿಷನ್ನು ನಮಗೆ ತಿಳಿಸಿ ಹೇಳುವ ನರ್ಸು ಅವತ್ತು ಬಂದಿರಲಿಲ್ಲ. “ಅದಕ್ಕೇನಂತೆ, ನಮ್ಮ ಟೀಚರ್ ಇಲ್ವಾ!” ಎಂದು ಆಕೆಯನ್ನು ಮುಂದೆ ತಳ್ಳಿದವನು ನಾನೇ.

ದರ್ಜಿಯ ತಾಯಿ ಮೊಮ್ಮಗಳನ್ನು ಕರೆತಂದಿದ್ದರು. ಹುಡುಗಿಗೆ ಜ್ವರ, ಕಿವಿಯಲ್ಲಿ ಕೀವು. ಡಾಕ್ಟರು ಎರಡು ಸೀಸೆ ಕೊಟ್ಟು ಬಹಳ ಹೊತ್ತು ಏನೇನೋ ಹೇಳಿದರು. ಟೀಚರ್ ಹೂಂಗುಟ್ಟುತ್ತಲೇ ಇದ್ದರು. ಕೊನೆಗೆ ಅಜ್ಜಿಯ ಕಡೆ ತಿರುಗಿ, “ದೊಡ್ಡ ಸೀಸೆದು ಕುಡಿಸಿ, ಚಿಕ್ಕದು ಕಿವಿಗೆ ಬಿಡಿ” ಎಂದರು. ಅಷ್ಟುದ್ದ ಮಾತಿಗೆ ಇಷ್ಟೇನಾ ಎಂದು ನನಗನ್ನಿಸಿತು. ಆದರೂ ಎಲ್ಲ ತಿಳಿದವನಂತೆ ಕೋಲೆಬಸವನ ಹಾಗೆ ತಲೆಯಾಡಿಸಿದೆ.

ಜನ ಚದುರಿದ ಮೇಲೆ ಟೀಚರ್ ಶಾಲೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಖ ಬಿಳಿಚಿಕೊಂಡಿತ್ತು.

“ಸರ್, ಅವರು ಹೇಳಿದ್ದು ನಂಗೊಂದೂ ಅರ್ಥ ಆಗ್ಲಿಲ್ಲ.”

“ಮತ್ತೆ ಹೇಳಿದ್ರಲ್ಲ ತಾಯಿ!”

“ಎಲ್ರೂ ನನ್ನ ಬಾಯೇ ನೋಡ್ತಿದ್ರು. ಅಂದಾಜಿನ ಮೇಲೆ ಹೇಳಿಬಿಟ್ಟೆ.”

ಇಬ್ಬರೂ ದರ್ಜಿಯ ಮನೆಗೆ ಓಡಿದೆವು. ಅಜ್ಜಿ ದೊಡ್ಡ ಸೀಸೆಯಿಂದ ಚಮಚಕ್ಕೆ ಸುರಿಯುತ್ತಿದ್ದರು. ಟೀಚರ್ ಚಮಚ ಕಿತ್ತುಕೊಂಡರು.

ಪುಣ್ಯಕ್ಕೆ ವ್ಯಾನು ಇನ್ನೂ ಬಾವಿಯ ಹತ್ತಿರವೇ ನಿಂತಿತ್ತು. ನೀರಿಗೆ ಬಂದವರೆಲ್ಲ ನೋಡುತ್ತಿದ್ದಂತೆ ಟೀಚರ್ ಡಾಕ್ಟರಿಗೆ ಸೀಸೆ ತೋರಿಸಿ, “ಐ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಇಟ್ ಅಗೇನ್” ಎಂದರು. ಡಾಕ್ಟರು ಕೈಸನ್ನೆ ಮಾಡುತ್ತ ನಿಧಾನವಾಗಿ ಹೇಳಿದರು. ದೊಡ್ಡದು ಕಿವಿ ತೊಳೆಯುವುದಕ್ಕೆ, ಒಂದು ತೊಟ್ಟೂ ಬಾಯಿಗೆ ಹೋಗಕೂಡದು.

“ಅಜ್ಜಿ, ನಂಗೆ ಗೊತ್ತಿರ್ಲಿಲ್ಲ. ಗೊತ್ತಿರೋ ಹಾಗೆ ಸುಳ್ಳು ಹೇಳ್ದೆ” ಎಂದು ನಮ್ಮ ಹಿಂದೆಯೇ ಬಂದಿದ್ದ ಅಜ್ಜಿಗೆ ಹೇಳಿದರು ಟೀಚರ್.

“ಅಯ್ಯೋ ಬಿಡಿ ಟೀಚರಮ್ಮ, ನೀವು ಓದಿದೋರು. ಆ ಡಾಕ್ಟರೇ ಸರಿಯಾಗಿ ಹೇಳಿರಲ್ಲ.”

ಬೈದಿದ್ದರೆ ವಾಸಿಯಿತ್ತು. ನಾಚಿಕೆಯಿಂದ ನಾವಿಬ್ಬರೂ ನೆಲ ನೋಡುತ್ತ ನಿಂತೆವು.

ಮರುದಿನ ಆಕೆ ಪುಸ್ತಕ ತೆರೆಯಲಿಲ್ಲ. ಡಾಕ್ಟರಿಗೆ ಹೇಳಿದ ಅದೇ ಎರಡು ವಾಕ್ಯ ಬೋರ್ಡಿನ ಮೇಲೆ ಬರೆದು, ಅರ್ಥ ಬಿಡಿಸಿ ಹೇಳಿ, “ಇದನ್ನ ಹೇಳೋಕೆ ನಂಗೂ ನಾಚಿಕೆ ಆಗಿತ್ತು. ನೀವು ಹೇಳಿ, ನಾನು ಬೈಯಲ್ಲ” ಎಂದರು. ಎಂದಿನ ಕಿರುಚಾಟ ಕೇಳಿಸಲಿಲ್ಲ. ಹೋಗಿ ಕಿಟಕಿಯಲ್ಲಿ ಇಣುಕಿದೆ. ಕಿವಿಗೆ ಹತ್ತಿ ಇಟ್ಟುಕೊಂಡ ದರ್ಜಿಯ ಮಗಳು ಎದ್ದು ನಿಂತು ಆ ವಾಕ್ಯ ಹೇಳಿದಳು.

“ಯಾವ ಪಾಠ ಮರಿ?”

“ಮೊದಲನೇದು, ಟೀಚರ್.”

ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಟೀಚರ್ ಕಣ್ಣೊರೆಸಿಕೊಂಡು ಮೊದಲ ಪುಟ ತೆಗೆದರು.

ನನ್ನ ಕೋಣೆಗೆ ಮರಳಿದೆ. ಬೋರ್ಡಿನ ತುಂಬ ಭಿನ್ನರಾಶಿ. ತಲೆ ನರೆಯುವವರೆಗೂ ಇಲ್ಲಿ ಇದನ್ನೇ ಹೇಳಿಕೊಟ್ಟಿದ್ದೇನೆ.

“ಅರ್ಥ ಆಯ್ತೇನ್ರೋ?” ಎಂದೆ.

ಎಲ್ಲರೂ ತಲೆಯಾಡಿಸಿದರು. ಇನ್ನೊಂದು ಮಾತು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರ ಮುಖ ನೋಡಲಾರದೆ ಬೋರ್ಡಿನ ಕಡೆ ತಿರುಗಿ ಮುಂದಿನ ಲೆಕ್ಕ ಬರೆದೆ.