ಹಿಂದುಮುಂದಾದ ರೊಂಡೊ

ಅಕ್ಕನ ತಲೆಗೆ ಶಸ್ತ್ರಚಿಕಿತ್ಸೆಯಾಗಿ ಒಂದು ವಾರ ಕಳೆದಿತ್ತು. ಮನೆಯವರ ಗುರುತು ಹಿಡಿಯುತ್ತಿದ್ದಳು, ಸೂಪಿಗೆ ಉಪ್ಪು ಸಾಲದೆಂದು ಗೊಣಗುತ್ತಿದ್ದಳು. ಆದರೆ ಇಷ್ಟು ವರ್ಷ ಮಕ್ಕಳಿಗೆ ಪಿಯಾನೊ ಕಲಿಸಿದವಳು ಸಂಗೀತದ ಸುದ್ದಿಯನ್ನೇ ಎತ್ತಿರಲಿಲ್ಲ. ಕೇಳಿ ನೋಡುವ ಧೈರ್ಯ ಭಾವನಿಗಿರಲಿಲ್ಲ. ಆ ಕೆಲಸ ತಂಗಿಯ ಕೊರಳಿಗೆ ಬಿತ್ತು.

ತಂಗಿ ದರ್ಜಿ, ಸಂಗೀತದ ಗಂಧಗಾಳಿ ಇಲ್ಲದವಳು. ಭಾವ ಅವಳ ಫೋನಿಗೆ ಎರಡು ತುಣುಕು ಹಾಕಿಕೊಟ್ಟು ಪಾಠ ಮಾಡಿದ್ದ.

"ಮೊದಲನೇದು ವೇರಿಯೇಷನ್ಸ್. ಒಂದೇ ಮಟ್ಟು, ಪ್ರತಿ ಸಲ ಬೇರೆ ವೇಷ. ಎರಡನೇದು ರೊಂಡೊ. ಹಾಡಿನ ಪಲ್ಲವಿ ಥರ ಮೊದಲಿನ ಮಟ್ಟು ತಿರುಗಿ ತಿರುಗಿ ಬರುತ್ತೆ, ನಡುನಡುವೆ ಹೊಸದು. ಅವಳಿಗೆ ಇದು ನಿದ್ದೆಗಣ್ಣಲ್ಲೂ ಗೊತ್ತಾಗಬೇಕು."

ಆಸ್ಪತ್ರೆಯ ಕೋಣೆಯಲ್ಲಿ ತಂಗಿ ಫೋನನ್ನು ಅಕ್ಕನ ದಿಂಬಿನ ಹತ್ತಿರ ಇಟ್ಟು ಮೊದಲನೆಯ ತುಣುಕು ಹಾಕಿದಳು. "ಅಕ್ಕಾ, ಇದು ಯಾವ ಥರದ್ದು ಹೇಳು."

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಸ್ವಲ್ಪ ಹೊತ್ತಿನ ಮೇಲೆ, "ರೊಂಡೊ" ಎಂದಳು.

ಭಾವ ಹೇಳಿಕೊಟ್ಟ ಉತ್ತರ ಅದಾಗಿರಲಿಲ್ಲ. ತಂಗಿ ದಿಂಬಿನತ್ತ ಬಾಗಿದಳು. "ಸರಿಯಾಗಿ ಕೇಳಕ್ಕಾ. ಬೇರೆ ಬೇರೆ ವೇಷ ಹಾಕ್ಕೊಂಡು ಬರ್ತಿಲ್ವಾ?"

"ವೇಷಾನೂ ಇಲ್ಲ, ಗೀಷಾನೂ ಇಲ್ಲ. ಈಗ ಬರ್ತಿರೋದು ಹೊಸದು. ಇದು ಮುಗೀಲಿ, ಮೊದಲಿಂದು ಇದ್ದ ಹಾಗೇ ವಾಪಸ್ ಬರುತ್ತೆ." ಅಕ್ಕ ಬೆರಳೆತ್ತಿ ಕಾದಳು. "ಹಾಂ, ಈಗ."

ಕುಣಿಯುವಂಥ ಆ ಮೊದಲಿನ ಮಟ್ಟು ಒಂದಿಷ್ಟೂ ಬದಲಾಗದೆ ಮರಳಿ ಬಂತು. ತಂಗಿಯ ಕಿವಿಗೂ ಅದು ತಿಳಿಯಿತು. ಅವಳು ಫೋನು ಎತ್ತಿಕೊಂಡು, ಹೊರಗೆ ಕಾಯುತ್ತಿದ್ದ ಭಾವನ ಬಳಿಗೆ ಎದ್ದುಬಿದ್ದು ಓಡಿದಳು.

"ಭಾವ, ಮೊದಲನೇದು ಏನು ಹಾಕಿದ್ರಿ? ಸರಿಯಾಗಿ ನೋಡಿ!"

ಭಾವ ಫೋನು ಕಿವಿಗಿಟ್ಟು ಕೇಳಿ ಹಣೆ ಚಚ್ಚಿಕೊಂಡ. "ಅಯ್ಯೋ, ಹಿಂದುಮುಂದು ಮಾಡಿಬಿಟ್ಟಿದೀನಿ!"

"ನನ್ನ ಜೀವ ಬಾಯಿಗೆ ಬಂದಿತ್ತು. ನಿಮ್ಮ ತಲೇನೂ ಒಂದ್ಸಲ ಡಾಕ್ಟರಿಗೆ ತೋರಿಸಿ!" ಎಂದು ಬೈಯುತ್ತಲೇ ತಂಗಿ ನಕ್ಕಳು. ಭಾವ ಬೆಂಚಿನ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ.

ಇಬ್ಬರೂ ಒಳಗೆ ಬಂದಾಗ ಅಕ್ಕ ಹುಬ್ಬು ಗಂಟಿಕ್ಕಿದ್ದಳು.

"ಎಡಗೈ ತೀರಾ ಅವಸರ ಮಾಡಿದೆ. ಯಾವ ಪುಣ್ಯಾತ್ಮ ನುಡಿಸಿದ್ದು?"

"ನೀನೇ ಕಣೆ," ಎಂದ ಭಾವ.

ಅಕ್ಕ ಹೊದಿಕೆಯ ಮೇಲೆ ಎಡಗೈ ಬೆರಳುಗಳನ್ನು ಆಡಿಸಿ ನೋಡಿದಳು. "ಹಾಗಾದ್ರೆ ಮನೆಗೆ ಹೋದ ಮೇಲೆ ತಿದ್ಕೋಬೇಕು."