ಇಬ್ಬರೂ ಗೆದ್ದ ಹಗ್ಗ

ಹೋದ ವರ್ಷದ ಟ್ರ್ಯಾಕ್ಟರ್ ಜಗ್ಗಾಟದಲ್ಲಿ ಸೋತ ಕೆಂಭಾವಿಯ ಅಯ್ಯಣ್ಣ, ಕೊಂಡಿಯಿಂದ ಕಬ್ಬಿಣದ ಸರಪಳಿ ಬಿಚ್ಚಿ ಗೆದ್ದವನ ಬಾಯಿಗೆ ಬೀಸಿದ್ದ. ಗೆದ್ದವನು ಅವನ ಅಕ್ಕನ ಗಂಡ, ಸಗರದ ಹುಲಗಪ್ಪ. ಎರಡು ಹಲ್ಲು ಉಗುಳಿದ ಹುಲಗಪ್ಪ ಜಾಕ್ ರಾಡಿನಿಂದ, ತಾನು ಅಳಿಯ ಎಂದೇ ಕರೆಯುವ ಹೆಂಡತಿಯ ತಮ್ಮನ ಹೆಗಲೆಲುಬು ಮುರಿದ. ಆಮೇಲೆ ಎರಡೂ ಊರಿನವರು ಬೀಗರನ್ನು ಕೈಗೆ ಸಿಕ್ಕಿದ್ದರಲ್ಲಿ ಉಪಚರಿಸಿದರು.

ನಡುವೆ ಸಿಕ್ಕವಳು ಮಲ್ಲೇಶ್ವರಿ. ಒಬ್ಬ ಗಂಡ, ಒಬ್ಬ ತಮ್ಮ. ಯಾರು ಸತ್ತರೂ ಅಳು ಅವಳದೇ. ಈ ವರ್ಷ ಇಬ್ಬರೂ ಮತ್ತೆ ಹಟಕ್ಕೆ ಬಿದ್ದಾಗ ಅವಳು ಸರಪಳಿಯನ್ನು ಹಾಳುಬಾವಿಗೆ ಎಸೆದು ಬಂದು ಅಂಗಳದಲ್ಲಿ ನಿಂತಳು.

"ಜಗ್ಗೂದಿದ್ರ ಹಗ್ಗ ಕಟ್ಟಿ ಜಗ್ಗ್ರಿ. ಅದ್ರಾಗ ಹೊಡದಾಡ್ಕೊಂಡ್ರೂ ಹಲ್ಲರ ಉಳೀತಾವ."

"ಖರೇನವ್ವ, ಹಗ್ಗ ಮೆತ್ತಗಿರ್ತದ," ಎಂದು ಒಪ್ಪಿದವರು ಪಂದ್ಯದ ಪಂಚರಾದ ಮರಿಲಿಂಗ ಮಾಸ್ತರರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ 'ಸ್ಥಿತಿಸ್ಥಾಪಕತ್ವ' ಎಂದು ದಪ್ಪಗೆ ಬರೆದು, ಹಿಗ್ಗಿದ ವಸ್ತು ಮೊದಲಿನ ಆಕಾರಕ್ಕೆ ಮರಳುವ ಗುಣ ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಮರಳುವ ದಾರಿಯಲ್ಲಿ ಯಾರಾದರೂ ಕುಳಿತಿರಬಹುದು ಎಂಬುದು ಪಾಠದಲ್ಲಿ ಇರಲಿಲ್ಲ.

ಕೊಯ್ಲು ಮುಗಿದ ಭತ್ತದ ಗದ್ದೆಯಲ್ಲಿ ಟ್ರ್ಯಾಕ್ಟರುಗಳು ಒಂದಕ್ಕೊಂದು ಬೆನ್ನು ಮಾಡಿ ನಿಂತವು. ನಡುವೆ ಕೆಟ್ಟ ಲಾರಿ ಎಳೆಯುವ, ಮಣಿಕಟ್ಟಿನ ದಪ್ಪದ ನೈಲಾನ್ ಹಗ್ಗ. ಇಬ್ಬರ ಮುಂದೂ ಒಂದೊಂದು ಸುಣ್ಣದ ಗೆರೆ. ಯಾರ ಮುಂದಿನ ಗಾಲಿ ತನ್ನ ಗೆರೆ ದಾಟುತ್ತದೋ ಅವನು ಗೆದ್ದ. ಸರಪಳಿಯ ಕಾಲದಿಂದ ಬಂದ ನಿಯಮ; ಸರಪಳಿ ಹಿಗ್ಗುವುದಿಲ್ಲವಾದ್ದರಿಂದ ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹಿಂದೆ ಬರಲೇಬೇಕಿತ್ತು.

"ಏ ಅಳಿಯಾ, ಹೆಗಲು ಕೂಡೇತಿಲ್ಲೋ? ಸ್ಟೇರಿಂಗ್ ಹಿಡಿಯಾಕ ಬರ್ತದೇನು?"

"ಬರ್ತದ ಮಾಮಾ. ನೀ ಮೊದ್ಲ ಕಡ್ಲಿ ಕಡದು ತೋರ್ಸು!"

ಡಿಜೆ ಪೆಟ್ಟಿಗೆಗಳು ಎದೆ ನಡುಗಿಸುತ್ತಿದ್ದಂತೆ ಮಾಸ್ತರರು ಸೀಟಿ ಊದಿದರು. ಹುಲಗಪ್ಪ ಮುಂದೆ ಹೋದ. ಅಯ್ಯಣ್ಣನೂ ಮುಂದೆ ಹೋದ. ಹಗ್ಗ ಹಿಗ್ಗಿ ತೆಳ್ಳಗಾಗುತ್ತ, ಗುಂಯ್ ಎನ್ನುತ್ತ ಇಬ್ಬರಿಗೂ ಉದಾರವಾಗಿ ದಾರಿ ಬಿಟ್ಟಿತು. ಇಬ್ಬರೂ ಗೆರೆ ದಾಟಿದರು.

"ಗೆದ್ದಾನ್ಲೇ ನಮ್ ಹುಲಗ್ಯಾ!"

"ಕಣ್ಣು ಹೋಗ್ಯಾವೇನ್ಲೇ? ಗೆರಿ ದಾಟಿದಾಂವ ಅಯ್ಯಣ್ಣ!"

ಎರಡೂ ನಿಜವಾದ್ದರಿಂದ ತೀರ್ಮಾನ ಬಡಿಗೆಗೆ ಹೋಯಿತು. ಒಬ್ಬನ ಕಿವಿ ಹರಿದು ಜೋತಾಡಿತು. ಇನ್ನೊಬ್ಬನ ತಲೆಯನ್ನು ಬದುವಿನ ಕಲ್ಲಿಗೆ ಜಜ್ಜಿದರು. ಊದುತ್ತಲೇ ಇದ್ದ ಮಾಸ್ತರರ ಸೀಟಿಗೆ ಯಾರದೋ ಮೊಣಕೈ ಬಡಿದು, ಅದು ವಸಡಿನೊಳಗೆ ನಾಟಿತು. ಗಾಡಿ ಬಿಟ್ಟವನೇ ಸೋತವನಾಗುತ್ತಾನೆಂದು ಮಾಮ-ಅಳಿಯ ಮಾತ್ರ ಕಾಲು ತೆಗೆಯಲಿಲ್ಲ. ಗಾಲಿಗಳು ಕೆಸರು ತೋಡುತ್ತಿದ್ದವು. ಹಗ್ಗ ಸೆಟೆದು ನಿಂತಿತ್ತು.

"ಬಿಡ್ರೋ! ಗಾಡಿ ಬಂದ್ ಮಾಡ್ರೋ!" ಮಲ್ಲೇಶ್ವರಿಯ ಕೂಗು ಯಾರಿಗೂ ಮುಟ್ಟಲಿಲ್ಲ. ಜಗಳದ ಬೇರು ಹಗ್ಗದಲ್ಲಿದೆ, ಅದು ಹೋದರೆ ಎಲ್ಲ ಸಡಿಲಾಗುತ್ತದೆ ಎಂದುಕೊಂಡು ಅವಳು ಬದುವಿನ ಮೇಲಿದ್ದ ಕುಡುಗೋಲು ಎತ್ತಿಕೊಂಡು ನಡುವೆ ಓಡಿದಳು.

ಮಾಸ್ತರರಿಗೆ ಇಡೀ ಪಾಠ ಒಮ್ಮೆಲೇ ಅರ್ಥವಾಯಿತು. "ಬ್ಯಾಡವ್ವಾ! ಕೊಯ್‌ಬ್ಯಾಡ!" ಎನ್ನಹೋದರು. ಬಾಯಿಂದ ರಕ್ತವಷ್ಟೇ ಬಂತು.

ಕುಡುಗೋಲು ತಾಗಿದ್ದೇ ತಡ, ಉಳಿದ ಎಳೆಗಳು ತಾವೇ ಸಿಡಿದವು. ಅವಳಿಗೆ ಒಂದು ಗೀರೂ ಆಗಲಿಲ್ಲ. ಎರಡು ತುದಿಗಳೂ ಅವಳಿಂದ ದೂರಕ್ಕೆ ಹಾರಿದ್ದವು. ಒಂದು ಅಯ್ಯಣ್ಣನ ಹೆಡಕಿಗೆ ಬಡಿದು ಕತ್ತನ್ನು ಕಡ್ಡಿಯಂತೆ ಮುರಿಯಿತು. ಇನ್ನೊಂದು, ಹೆಂಡತಿಯೇನು ಮಾಡುತ್ತಿದ್ದಾಳೆಂದು ಹೊರಳಿ ನೋಡಿದ ಹುಲಗಪ್ಪನ ಮುಖಕ್ಕೆ ಬಂತು. ಎಡಗಣ್ಣಿದ್ದ ಜಾಗದಲ್ಲಿ ಕಣ್ಣು ಉಳಿಯಲಿಲ್ಲ. ಹಿಡಿತವಿಲ್ಲದ ಅವನ ಟ್ರ್ಯಾಕ್ಟರ್ ಹೋಗಿ ಡಿಜೆ ಪೆಟ್ಟಿಗೆಗಳನ್ನು ಏರಿತು. ಹಾಡು ನಿಂತಿತು. ಹಗ್ಗದ ತುಂಡುಗಳು ಮೊದಲಿನ ದಪ್ಪಕ್ಕೆ ಮರಳಿ ಸುಮ್ಮನೆ ಬಿದ್ದಿದ್ದವು.

ಶಹಾಪುರದ ಆಸ್ಪತ್ರೆಯಲ್ಲಿ ಒಬ್ಬನನ್ನು ಒಳಗೆ ಒಯ್ದರು, ಇನ್ನೊಬ್ಬನನ್ನು ಹಿಂದಿನ ಶವದ ಕೋಣೆಗೆ. ನರ್ಸ್ ನುಜ್ಹತ ಕೇಳಿದಳು: "ಪೇಶಂಟ್ ನಿಮಗೇನಾಗ್ಬೇಕ್ರಿ?"

"ಗಂಡ."

"ಹಿಂದಿರೋರು?"

"ತಮ್ಮ."

"ಹೊಡದೋರು ಯಾರ್ರೀ?"

"ನಾನ," ಎಂದಳು ಮಲ್ಲೇಶ್ವರಿ.

ಹೊರಗೆ ಬೆಂಚಿನ ಮೇಲೆ ಸಗರದವರು, ಅವಳು ತನ್ನ ತಮ್ಮ ಸೋಲುತ್ತಾನೆಂದು ಕೊಯ್ದಳು ಎನ್ನುತ್ತಿದ್ದರು. ಕೆಂಭಾವಿಯವರು, ಗಂಡ ಸೋಲುತ್ತಾನೆಂದು ಕೊಯ್ದಳು ಎನ್ನುತ್ತಿದ್ದರು. ಚಹಾ ಬರುವ ಹೊತ್ತಿಗೆ ತಪ್ಪು ಅವಳದೇ ಎಂಬಲ್ಲಿ ಎರಡೂ ಊರು ಒಂದಾದವು. ಹರಿದ ಕಿವಿಯವನಿಗೆ, ಅದನ್ನು ಹರಿದವನೇ ಚಹಾದ ಕಪ್ ಚಾಚಿದ.

ಹೊರಬಂದ ಮಲ್ಲೇಶ್ವರಿಗೆ ಯಾರೂ ಜಾಗ ಬಿಡಲಿಲ್ಲ. ಅವಳು ನಿಂತೇ, ಆ ತುದಿಯಿಂದ ಈ ತುದಿಯವರೆಗೆ ಎಲ್ಲರನ್ನೂ ನೋಡಿದಳು.

"ಹಿಂಗ ಒಂದ ಬೆಂಚಿನ್ಯಾಗ ಕೂಡಾಕ ನಿಮಗ ಮೊದ್ಲಿಂದನೂ ಬರ್ತಿತ್ತೇನ್ರೋ?"