ಅರವತ್ತು ವೋಲ್ಟ್

ನಾನೊಂದು ಗ್ಯಾಲ್ವನೋಮೀಟರ್. ತಂತಿಯಲ್ಲಿ ಚೂರೇ ಚೂರು ವಿದ್ಯುತ್ತು ಹರಿದರೂ ಮುಳ್ಳನ್ನು ಓಡಿಸಿ ತೋರಿಸುವುದು ನನ್ನ ಕೆಲಸ. ತಗಡಿನ ಶೆಡ್ಡೊಂದರಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಕೂದಲಿನಂಥ ತಾಮ್ರದ ತಂತಿಯನ್ನು ಉಸಿರು ಬಿಗಿಹಿಡಿದು ಸುತ್ತಿ ನನಗೆ ಜೀವ ಕೊಟ್ಟಳು. ಮೊದಲು ಒಂದು ಹೈಸ್ಕೂಲಿನಲ್ಲಿದ್ದೆ. ಅದು ಮುಚ್ಚಿದ ಮೇಲೆ ಗದಗಿನ ಪಿಯು ಕಾಲೇಜೊಂದರ ಪ್ರಯೋಗಶಾಲೆಗೆ, ಬಡಿಗೇರ ಸರ್ ಕೈಗೆ ಬಂದೆ.

ಅಲ್ಲಿಗೆ ಒಂದು ಸಂಜೆ ದಾಕ್ಷಾಯಣಿ ಬಂದಳು. ಗಂಡ ಲೈನ್‌ಮನ್. ಲೈನು ಬಂದ್ ಆಗಿದೆಯೆಂದು ನಂಬಿ ಕಂಬ ಹತ್ತಿದವನು ಕಂಬದ ಮೇಲೆಯೇ ಸತ್ತಿದ್ದ. ಅವನ ಬದಲಿಗೆ ಮನೆಯ ಒಬ್ಬರಿಗೆ ನೌಕರಿ. ಈ ಸಲದ ಪರೀಕ್ಷೆಯಲ್ಲೇ ಪಿಯು ಪಾಸಾದರೆ ಅವಳಿಗೆ, ಇಲ್ಲದಿದ್ದರೆ ಮೈದುನನಿಗೆ. ಹಿಂದೆ ಓದು ಬಿಟ್ಟಾಗ ಉಳಿದುಹೋದದ್ದು ಭೌತಶಾಸ್ತ್ರವೊಂದೇ.

ಸರ್ ನನ್ನನ್ನು ತಂತಿಯ ಸುರುಳಿಗೆ ಜೋಡಿಸಿ ಅಯಸ್ಕಾಂತವನ್ನು ಒಳಗೆ ತೂರಿಸಿದರು. ನನ್ನ ಮುಳ್ಳು ಹಾರಿತು. ಅವಳು ಬೆಚ್ಚಿ ಹಿಂದೆ ಸರಿದಳು.

“ಬ್ಯಾರೆ ಯಾ ಪಾಠ ಆದರೂ ಕಲೀತೇನ್ರಿ ಸರ್. ಈ ಕರೆಂಟಿನ ಪಾಠ ತೆಗದ್ರ ಅವರ ಸುಟ್ಟ ಕೈ ಕಣ್ಣಮುಂದ ಬರ್ತಾವು.”

“ಇದನ್ನ ಬಿಟ್ರ ಪಾಸ್ ಆಗಂಗಿಲ್ಲವ್ವ,” ಎಂದರು ಸರ್ ಮೆಲ್ಲಗೆ.

ದಿನಾ ಬಂದಳು. ಸುರುಳಿಯೊಳಗಿನ ಕಾಂತೀಯ ಹರಿವು ಕಡಿಮೆಯಾದಾಗ ಎಷ್ಟು ವೋಲ್ಟ್ ಹುಟ್ಟುತ್ತದೆ ಎಂಬ ಲೆಕ್ಕ ಮಾತ್ರ ಅವಳಿಗೆ ಒಲಿಯಲಿಲ್ಲ. ದೊಡ್ಡ ಸಂಖ್ಯೆಯಿಂದಲೇ ಚಿಕ್ಕದನ್ನು ಕಳೆದು, ಸೂತ್ರದ ಮೈನಸ್ಸನ್ನು ಅದಕ್ಕೆ ಹಚ್ಚಿ, ಪ್ರತಿಸಲವೂ ಮೈನಸ್ ಅರವತ್ತು ಎಂದು ಬರೆಯುತ್ತಿದ್ದಳು.

“ಕಡೀಕ ಉಳಿದದ್ದರಾಗ ಮೊದಲಿದ್ದದ್ದು ಕಳೀಬೇಕವ್ವ. ಅಲ್ಲೇ ಒಂದು ಮೈನಸ್ ಬರ್ತದ. ಸೂತ್ರದಾಗಿನ ಮೈನಸ್ಸು ಅದನ್ನ ಹೊಡದು ಹಾಕ್ತದ.”

ಅವಳು ತಲೆಯಾಡಿಸುವಳು, ಮತ್ತೆ ತಪ್ಪುವಳು. ಒಮ್ಮೆ ಪೆನ್ನು ಕೆಳಗಿಟ್ಟು, ನನ್ನ ಪಕ್ಕದಲ್ಲೇ ಹಣೆ ಮೇಜಿಗೆ ಹಚ್ಚಿ ಕೂತಳು. ಅವಳ ನಡುಕ ಹಲಗೆಯ ಮೂಲಕ ನನಗೂ ತಾಗಿತು.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಎರಡೇ ಅಂಕ ಕಡಿಮೆ ಬಿದ್ದು ಅವಳು ನಪಾಸಾದಳು.

ಈಗ ನನ್ನ ತಂತಿ ಸುಟ್ಟಿದೆ. ಒಡೆದ ಬೀಕರುಗಳ ಜೊತೆ ಹಳೆ ಸಾಮಾನಿನ ಕೋಣೆಯಲ್ಲಿ ಬಿದ್ದಿದ್ದೇನೆ. ಎಷ್ಟೋ ಮಕ್ಕಳ ಮುಖ ಮರೆತಿದ್ದೇನೆ. ಫಲಿತಾಂಶದ ಮಾರನೆಯ ವಾರ ಅವಳು ಬಂದದ್ದನ್ನು ಮಾತ್ರ ಮರೆತಿಲ್ಲ.

“ಮೈದುನಗ ಒಪ್ಪಿಗೆ ಬರಕೊಟ್ಟು ಬಂದೆರಿ ಸರ್. ಅತ್ತಿ ಮುಂದ ಕುಂತು ಸಹಿ ಹಾಕಿಸಿಕೊಂಡ್ರು.”

ಸರ್ ಕುರ್ಚಿ ತೋರಿಸಿದರು. ಅವಳು ಕೂಡದೆ ಬೋರ್ಡಿನತ್ತ ನಡೆದು ಸುಣ್ಣದ ಕಡ್ಡಿ ಎತ್ತಿಕೊಂಡಳು. ಅದೇ ಲೆಕ್ಕ. ಕೊನೆಗೆ ಉಳಿದದ್ದನ್ನು ಮೊದಲು ಬರೆದಳು. ಎರಡು ಮೈನಸ್ಸುಗಳ ಮೇಲೆ ಒಂದೊಂದು ಗೆರೆ ಎಳೆದಳು. ಅರವತ್ತು ವೋಲ್ಟ್ ಎಂದು ಬರೆದು, ಅದನ್ನೇ ನೋಡುತ್ತ ನಿಂತಳು.

“ಈ ಬುದ್ಧಿ ಹೋದ ತಿಂಗಳ ಬರಬೇಕಿತ್ರಿ,” ಎಂದು ಕೈಯ ಪುಡಿ ಒರೆಸಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ.

ಮರುದಿನ ಹುಡುಗನೊಬ್ಬ ಡಸ್ಟರ್ ಹಿಡಿದು ಬೋರ್ಡಿನ ಹತ್ತಿರ ಹೋದ. ಸರ್ ಅವನನ್ನು ತಡೆದರು. ಆ ವಾರವೆಲ್ಲ ಅವರು ಬೋರ್ಡಿನ ಅರ್ಧದಲ್ಲೇ ಪಾಠ ಮಾಡಿದರು.